ಹೆರಿಗೆಯ ತೂಕ ಮತ್ತು ರಾತ್ರಿ ಮೂರರ ಬಿಸ್ಕತ್ತು

ಬಸಿರಿನಲ್ಲಿ ಏರಿದ ತೂಕವೆಲ್ಲ ಕೊಬ್ಬಲ್ಲ. ಮೊದಲೇ ಹದವಾದ ತೂಕ ಇದ್ದವರಿಗೆ 11.5ರಿಂದ 16 ಕಿಲೋ ಏರಿದರೆ ಸರಿ ಎನ್ನುತ್ತದೆ, ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಲೆಕ್ಕ. ಅದರಲ್ಲಿ ಮಗುವಿನದ್ದೇ ಮೂರು, ಮೂರೂವರೆ ಕಿಲೋ. ಮಾಸು, ಮಗುವಿನ ಸುತ್ತಲಿನ ನೀರು, ಹಿಗ್ಗಿದ ಗರ್ಭಕೋಶ, ಹೆಚ್ಚಿದ ರಕ್ತ ಎಲ್ಲ ಸೇರಿ ಇನ್ನಷ್ಟು. ಹೆರಿಗೆಯಾದ ಕೂಡಲೇ ಐದಾರು ಕಿಲೋ ಇಳಿಯುತ್ತದೆ. ಒಂದು ಕಿಲೋ ತೂಗುತ್ತಿದ್ದ ಗರ್ಭಕೋಶ ಆರು ವಾರದಲ್ಲಿ 100 ಗ್ರಾಂ ಆಸುಪಾಸಿಗೆ ಬರುತ್ತದೆ. ಆಮೇಲೂ ಉಳಿದದ್ದು ಹೆಚ್ಚಾಗಿ ಕೊಬ್ಬು. ಹಾಲೂಡಿಸುವ ದಿನಗಳಿಗೆ ಬೇಕಾದೀತು ಎಂದು ದೇಹ ಕೂಡಿಟ್ಟುಕೊಂಡದ್ದು.

ಹಾಗಾದರೆ ಹಾಲೂಡಿಸುತ್ತಾ ಹೋದರೆ ಅದು ತಾನಾಗಿಯೇ ಕರಗಬೇಕು, ಅಲ್ವಾ? ಲೆಕ್ಕದಲ್ಲಿ ಹೌದು. ಎದೆಹಾಲೊಂದನ್ನೇ ಕುಡಿಯುವ ಮಗುವಿಗಾಗಿ ತಾಯಿಯ ದೇಹ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಖರ್ಚು ಮಾಡುತ್ತದೆ. ಆದರೆ ಹಸಿವೂ ಜೊತೆಗೇ ಏರುತ್ತದೆ. ಏಳೆಂಟು ಕ್ರೀಮ್ ಬಿಸ್ಕತ್ತು, ಒಂದು ಲೋಟ ಸಿಹಿ ಪಾನೀಯ ಒಳಗೆ ಹೋದರೆ ಹೆಚ್ಚುಕಡಿಮೆ ಅಷ್ಟೂ ವಾಪಸ್.

ನಿದ್ದೆಗೆಟ್ಟರೆ ಈ ಹಸಿವು ಇನ್ನೂ ಕೆರಳುತ್ತದೆ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 12 ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹತ್ತು ಗಂಟೆ ಮಲಗಲು ಬಿಟ್ಟಾಗಿನದ್ದಕ್ಕೆ ಹೋಲಿಸಿದರೆ, 'ಸಾಕು' ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಶೇ. 18ರಷ್ಟು ಕಡಿಮೆ ಇತ್ತು. ಹಸಿವು ಹುಟ್ಟಿಸುವ ಗ್ರೆಲಿನ್ ಶೇ. 28ರಷ್ಟು ಜಾಸ್ತಿ ಇತ್ತು. ಸಿಹಿ, ಕುರುಕಲು ತಿಂಡಿಯ ಆಸೆಯೂ ಏರಿತ್ತು. ಬರೀ ಎರಡು ರಾತ್ರಿ, ಅದೂ ಪಕ್ಕದಲ್ಲಿ ಅಳುವ ಮಗು ಇಲ್ಲದ ಹುಡುಗರಿಗೆ! ತಿಂಗಳುಗಟ್ಟಲೆ ನಿದ್ದೆಗೆಟ್ಟ ತಾಯಿಗೆ 'ಸ್ವಲ್ಪ ಬಾಯಿ ಕಟ್ಟು' ಎಂದು ಬುದ್ಧಿ ಹೇಳುವವರು ಇದನ್ನು ಗಮನಿಸಬೇಕು.

ರಾತ್ರಿ ಮೂರು ಗಂಟೆ. ಮಗುವಿನ ತಲೆ ಎಡತೋಳಿನ ಮೇಲಿದೆ, ಸ್ವಲ್ಪ ಅಲುಗಿದರೂ ಎಚ್ಚರ. ತಾಯಿಗೆ ಹೊಟ್ಟೆ ಚುರುಗುಟ್ಟುತ್ತಿದೆ. ಖಾಲಿ ಇರುವುದು ಬಲಗೈ ಒಂದೇ. ಅದಕ್ಕೆ ಸಿಗುವುದು ಹಲ್ಲಿನಿಂದ ಹರಿದು ತೆರೆಯಬಹುದಾದ ಪೊಟ್ಟಣ. ತಟ್ಟೆ ಬೇಡ, ಚಮಚ ಬೇಡ, ಬಿಸಿ ಮಾಡುವುದೂ ಬೇಡ. ಕತ್ತಲಲ್ಲಿ ಎಷ್ಟು ಹೋಯಿತೋ ಲೆಕ್ಕವಿಲ್ಲ. ತೂಕ ಇಳಿಸಬೇಕೆಂದು ಹೊರಟವರು ಮಧ್ಯಾಹ್ನದ ಊಟಕ್ಕೆ ಕತ್ತರಿ ಹಾಕುತ್ತಾರೆ. ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದದ್ದು ಈ ಪೊಟ್ಟಣವನ್ನು.

ಯಾಕೆಂದರೆ ಪೊಟ್ಟಣದ ತಿನಿಸಿಗೆ ನಮ್ಮನ್ನು ಹೆಚ್ಚು ತಿನ್ನಿಸುವ ಗುಣವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ತಂಡ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಬಡಿಸಿದ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ. ಬೇಕಾದಷ್ಟು ತಿನ್ನಿ, ಬೇಡವಾದರೆ ಬಿಡಿ ಎಂದರು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ತಿಂದದ್ದೂ ಬೇಗಬೇಗ. ತೂಕ ಸರಾಸರಿ 0.9 ಕಿಲೋ ಏರಿತು. ಸಾದಾ ಅಡುಗೆಯ ವಾರಗಳಲ್ಲಿ ಅಷ್ಟೇ ಇಳಿಯಿತು.

ಹಾಗಾಗಿ ಆ ಬಲಗೈಗೆ ಬೇರೆ ಏನಾದರೂ ಸಿಗುವಂತೆ ಮಾಡಿ. ಸಂಜೆಯೇ ಹಾಸಿಗೆಯ ಪಕ್ಕ ಬಾಳೆಹಣ್ಣು, ಹುರಿದ ಕಾಳು, ಒಂದು ಬಾಟಲಿ ನೀರು ಇಟ್ಟುಕೊಳ್ಳಿ. ಬೇಯಿಸಿದ ಮೊಟ್ಟೆ ಸುಲಿದು ಫ್ರಿಜ್‌ನಲ್ಲಿಟ್ಟರೆ ಹಗಲಲ್ಲಿ ಒಂದೇ ಕೈಯಲ್ಲಿ ತಿನ್ನಬಹುದು. ಪ್ರೋಟೀನು, ನಾರು ಇರುವ ಆಹಾರ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಬಾದಾಮಿ ಒಳ್ಳೆಯದೇ, ಆದರೆ 30 ಗ್ರಾಂನ ಒಂದು ಹಿಡಿಗೇ ಸುಮಾರು 170 ಕ್ಯಾಲೊರಿ. ಆದ್ದರಿಂದ ಹಿಡಿಯಷ್ಟು ತೆಗೆದಿಟ್ಟುಕೊಳ್ಳಿ, ಡಬ್ಬಿಯನ್ನೇ ಪಕ್ಕದಲ್ಲಿಟ್ಟುಕೊಳ್ಳಬೇಡಿ. ಬಿಸ್ಕತ್ತನ್ನು ಎಸೆಯಬೇಕಿಲ್ಲ. ಎರಡೂ ಕೈ ಬೇಕಾಗುವಷ್ಟು ಮೇಲೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಾಕು. ಮಗು ಊಟ ಶುರುಮಾಡಿದ ಮೇಲೆ ಅದರ ಬಟ್ಟಲಲ್ಲಿ ಉಳಿದದ್ದು ಸುಮ್ನೆ ನಿಮ್ಮ ಬಾಯಿಗೆ ಹೋಗುತ್ತದೆ, ಅದರ ಮೇಲೂ ಒಂದು ಕಣ್ಣಿರಲಿ.

ಅವಸರ ಬೇಡ. ತೂಕ ಜಾಸ್ತಿ ಇದ್ದ, ಹಾಲೂಡಿಸುತ್ತಿದ್ದ ತಾಯಂದಿರ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಊಟ ತುಸು ಕಡಿಮೆ ಮಾಡಿ, ವ್ಯಾಯಾಮ ಮಾಡಿ ಅವರು ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಸಿಕೊಂಡರು. ಮಕ್ಕಳ ಬೆಳವಣಿಗೆಗೆ ಏನೂ ಕೊರತೆಯಾಗಲಿಲ್ಲ. ಅದಕ್ಕಿಂತ ವೇಗ ಯಾಕೆ ಬೇಕು? ಉಪವಾಸವಂತೂ ಬೇಡವೇ ಬೇಡ.

ಊಟ ಸರಿಯಿದ್ದೂ ತೂಕ ಜಗ್ಗದಿದ್ದರೆ, ಜೊತೆಗೆ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆರಿಗೆಯ ಮೊದಲ ವರ್ಷದಲ್ಲಿ ಕೆಲವರಿಗೆ ಆ ಗ್ರಂಥಿಯ ಉರಿಯೂತ ಬರುತ್ತದೆ. ಮಗು ಇದ್ದ ಮೇಲೆ ಸುಸ್ತು ಇದ್ದದ್ದೇ ಎಂದುಕೊಂಡು ಯಾರೂ ಗಮನಿಸುವುದಿಲ್ಲ. ಇನ್ನು ತೂಕ ಇಳಿದೂ ಹೊಟ್ಟೆ ಮಾತ್ರ ಮುಂದೆ ಬಂದೇ ಇದ್ದರೆ, ಹೊಟ್ಟೆಯ ನಡುವಿನ ಸ್ನಾಯುಗಳು ಬಿಟ್ಟುಕೊಂಡಿರಬಹುದು. ಅದಕ್ಕೆ ಊಟ ಬದಲಿಸಿ ಪ್ರಯೋಜನವಿಲ್ಲ. ಫಿಸಿಯೊಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ.