ಪಾಯಿಂಟ್ ಟು ಟು: ಜೋರಾಗಿ ಹೋಗುವ ಗುಂಡು ಯಾಕೆ ಬೇಡ

ಪಾಯಿಂಟ್ ಟು ಟು, ಅಂದರೆ ನಳಿಗೆಯ ಒಳಗಲ ಸುಮಾರು 0.22 ಇಂಚಿರುವ ರೈಫಲ್ ತೊಗೊಳ್ಳಬೇಕು ಎಂದುಕೊಂಡ ಹೊಸಬರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಅಂತ. ಆಮೇಲೆ, ಗುಂಡು ಎಷ್ಟು ಸ್ಪೀಡಾಗಿ ಹೋಗುತ್ತದೆ ಅಂತ. ನನ್ನನ್ನು ಕೇಳಿದರೆ ಎರಡೂ ಹಿಂದುಮುಂದಾದ ಪ್ರಶ್ನೆಗಳು. ಗುರಿ ಹೊಡೆಯುವ ಆಟಕ್ಕೆ ಈ ರೈಫಲ್‌ನಲ್ಲಿ ನಿಧಾನದ ಗುಂಡೇ ವಾಸಿ. ರೈಫಲ್ ಯಾವುದು ಅನ್ನುವುದಕ್ಕಿಂತ ಅದಕ್ಕೆ ಯಾವ ತೋಟಾ ಒಗ್ಗುತ್ತದೆ ಅನ್ನುವುದೇ ದೊಡ್ಡ ವಿಷಯ.

ಒಂದು ತೋಟಾವನ್ನು ಬೆರಳಲ್ಲಿ ಹಿಡಿದು ನೋಡಿ. ಇಡೀ ಉದ್ದ ಒಂದು ಇಂಚು, ಅಷ್ಟೇ. ಮುಂದೆ ಮೇಣವೋ ಗ್ರೀಸೋ ಸವರಿದ ಸೀಸದ ಗುಂಡು, ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತದೆ. ಹಿಂದೆ ತೆಳ್ಳಗಿನ ಹಿತ್ತಾಳೆ ಕೊಳವೆ, ಅದರೊಳಗೆ ಒಂದು ಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸಿನಷ್ಟು ಮದ್ದು. ದೊಡ್ಡ ತೋಟಾಗಳ ಬುಡದ ನಡುವೆ ಒಂದು ಪುಟ್ಟ ಕ್ಯಾಪ್ ಇರುತ್ತದಲ್ಲ, ಇದರಲ್ಲಿ ಅದು ಇಲ್ಲ. ಬುಡದ ಸುತ್ತ ಹೊರಕ್ಕೆ ಚಾಚಿದ ಅಂಚಿದೆ, ಅದರ ಒಳಗೆ ಪೊಳ್ಳು. ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ರಾಸಾಯನಿಕವನ್ನು ಕಾರ್ಖಾನೆಯಲ್ಲಿ ಒದ್ದೆಯಾಗಿ ಹಾಕಿ, ಕೊಳವೆಯನ್ನು ಗಿರ್ರನೆ ತಿರುಗಿಸಿ ಆ ಪೊಳ್ಳಿಗೆ ಸೇರಿಸುತ್ತಾರೆ. ರೈಫಲ್‌ನ ಪಿನ್ ಬಂದು ಅಂಚಿನ ಒಂದು ಜಾಗವನ್ನು ಜಜ್ಜುತ್ತದೆ, ಬೆಂಕಿ ಅಲ್ಲಿಂದ ಹೊರಡುತ್ತದೆ. ಈ ಉಪಾಯ ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ಮಾಡಿದ್ದು. ಇವತ್ತು ನಾವು ಬಳಸುವ, ಲಾಂಗ್ ರೈಫಲ್ ಎಂಬ ಹೆಸರಿನ ತೋಟಾ ಅಮೆರಿಕದ ಸ್ಟೀವನ್ಸ್ ಕಂಪನಿಯದು, 1887ರದ್ದು.

ಪಿನ್ನಿನ ಪೆಟ್ಟಿಗೆ ಅಂಚು ಜಜ್ಜಿಹೋಗಬೇಕು ಅಂದಮೇಲೆ ಹಿತ್ತಾಳೆ ತೆಳ್ಳಗೇ ಇರಬೇಕು. ತೆಳ್ಳಗಿದ್ದರೆ ಹೆಚ್ಚು ಒತ್ತಡ ತಡೆಯುವುದಿಲ್ಲ. ಹಾಗಾಗಿ ಮದ್ದು ಕಮ್ಮಿ, ಹಿಂದಕ್ಕೆ ಒದೆಯುವುದು ಕಮ್ಮಿ, ಸದ್ದು ಕಮ್ಮಿ, ಬೆಲೆಯೂ ಕಮ್ಮಿ. ತೊಂದರೆ ಏನೆಂದರೆ, ಆ ರಾಸಾಯನಿಕ ಪ್ರತಿ ಅಂಚಿನಲ್ಲೂ ಒಂದೇ ಸಮನಾಗಿ ಹರಡಿರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ದೊಡ್ಡ ರೈಫಲ್‌ನವರು ಖಾಲಿ ಕೊಳವೆಗೆ ತಾವೇ ಅಳೆದು ಮದ್ದು ತುಂಬಿ ತಮಗೆ ಬೇಕಾದ ಹಾಗೆ ತೋಟಾ ಮಾಡಿಕೊಳ್ಳುತ್ತಾರೆ. ನಮಗೆ ಆ ದಾರಿ ಇಲ್ಲ. ಒಂದು ಸಲ ಜಜ್ಜಿದ ಅಂಚು ಮುಗಿಯಿತು. ಕಾರ್ಖಾನೆ ಕೊಟ್ಟಿದ್ದೇ ಪ್ರಸಾದ.

ಈಗ ವೇಗದ ವಿಚಾರ. ಗುರಿ ಹೊಡೆಯಲು ಮಾಡಿದ ತೋಟಾದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 325ರಿಂದ 330 ಮೀಟರ್ ವೇಗದಲ್ಲಿ ಹೊರಡುತ್ತದೆ. 15 ಡಿಗ್ರಿ ಹವೆಯಲ್ಲಿ ಶಬ್ದದ ವೇಗ 340 ಮೀಟರ್, ನಮ್ಮ ಕಲಬುರಗಿಯ 40 ಡಿಗ್ರಿ ಬಿಸಿಲಲ್ಲಿ 355ರ ಹತ್ತಿರ. ಅಂದರೆ ಗುಂಡು ಶಬ್ದಕ್ಕಿಂತ ಸ್ವಲ್ಪ ಹಿಂದೆ. ಇದು ಬೇಕೆಂದೇ ಮಾಡಿದ್ದು. ಅಂಗಡಿಯಲ್ಲಿ ಹೈ ವೆಲಾಸಿಟಿ ಎಂದು ಮಾರುವ ತೋಟಾ 380 ಮೀಟರ್ ದಾಟುತ್ತದೆ. ಆದರೆ ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ತಡೆ ಇದ್ದಕ್ಕಿದ್ದಂತೆ ಏರುತ್ತದೆ. ಆ ಗುಂಡಿನ ಮುಂದೆ ಅಲೆ ಕಟ್ಟಿಕೊಳ್ಳುತ್ತದೆ, ಅದು ದಾರಿಯಲ್ಲೇ ವೇಗ ಕಳೆದುಕೊಳ್ಳುತ್ತಾ, ಆ ಗಡಿಯನ್ನು ಮೇಲಿನಿಂದ ಕೆಳಕ್ಕೆ ದಾಟುವಾಗ ಚೂರು ತಡಬಡಾಯಿಸುತ್ತದೆ.

ಇದಕ್ಕಿಂತ ಮಜಾ ಇರುವುದು ಅಡ್ಡಗಾಳಿಯಲ್ಲಿ. ಬೇಗ ಹೋಗುವ ಗುಂಡನ್ನು ಗಾಳಿ ಕಮ್ಮಿ ತಳ್ಳಬೇಕು, ಅಲ್ವಾ? ಇಲ್ಲ. ಗಾಳಿ ಎಷ್ಟು ತಳ್ಳುತ್ತದೆ ಎನ್ನುವುದು ಗುಂಡು ಎಷ್ಟು ಹೊತ್ತು ಹಾರಿತು ಎನ್ನುವುದರ ಮೇಲೆ ನಿಂತಿಲ್ಲ. ಗಾಳಿಯ ತಡೆಯೇ ಇಲ್ಲದಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅದಕ್ಕಿಂತ ಎಷ್ಟು ತಡವಾಯಿತು ಎನ್ನುವುದರ ಮೇಲೆ ನಿಂತಿದೆ. ಹೈ ವೆಲಾಸಿಟಿ ಗುಂಡು ಬೇಗ ತಲುಪುವುದೇನೋ ನಿಜ, ಆದರೆ ತಾನು ಹೊರಟ ವೇಗಕ್ಕೆ ಹೋಲಿಸಿದರೆ ಅದರದ್ದೇ ತಡ ಜಾಸ್ತಿ. ಲೆಕ್ಕ ಹಾಕಿದರೆ, ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ, ಅಂದರೆ ಎಲೆಗಳು ಸುಮ್ನೆ ಅಲುಗಾಡುವಷ್ಟು, 50 ಮೀಟರ್ ದೂರದಲ್ಲಿ ನಿಧಾನದ ಗುಂಡನ್ನು ಒಂದೂವರೆ ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ ಸರಿಸುತ್ತದೆ. ವೇಗದ ಗುಂಡನ್ನು ಅದಕ್ಕಿಂತ ಇನ್ನೂ ಸುಮಾರು ಒಂದು ಸೆಂಟಿಮೀಟರ್ ದೂರಕ್ಕೆ. ಒಲಿಂಪಿಕ್ ಗುರಿಪಟದ ಹತ್ತು ಅಂಕದ ವೃತ್ತ ಎಷ್ಟು ಅಗಲ ಗೊತ್ತಾ? 10.4 ಮಿಲಿಮೀಟರ್.

ಸರಿ, ನಿಧಾನದ್ದೇ ತಂದೆವು. ಆದರೂ ಡಬ್ಬಿಯಿಂದ ಡಬ್ಬಿಗೆ ವ್ಯತ್ಯಾಸ ಇದ್ದೇ ಇರುತ್ತದೆ. 50 ಮೀಟರ್ ದಾಟಲು ಗುಂಡಿಗೆ ಸೆಕೆಂಡಿನ ಆರನೇ ಒಂದು ಭಾಗದಷ್ಟು ಸಮಯ ಸಾಕು. ಅಷ್ಟರಲ್ಲೇ ಅದು ಹೆಚ್ಚುಕಮ್ಮಿ 12 ಸೆಂಟಿಮೀಟರ್ ಕೆಳಕ್ಕೆ ಬೀಳುತ್ತದೆ. ಸೈಟ್, ಅಂದರೆ ಗುರಿ ನೋಡುವ ಸಾಧನ, ಹೊಂದಿಸುವಾಗ ಅಷ್ಟು ಎತ್ತರ ಕೊಟ್ಟಿರುತ್ತೇವೆ, ಅದು ಸಮಸ್ಯೆ ಅಲ್ಲ. ಆದರೆ ಒಂದು ತೋಟಾ ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನ ಎಂದುಕೊಳ್ಳಿ. ಬೀಳುವುದರಲ್ಲಿ 7 ಮಿಲಿಮೀಟರ್ ವ್ಯತ್ಯಾಸ ಬಂತು. ಶೂಟರ್ ಏನೂ ತಪ್ಪು ಮಾಡಿಲ್ಲ, ಕೈ ಅಲುಗಾಡಿಲ್ಲ, ಗಾಳಿಯೂ ಇಲ್ಲ. ಆದರೂ ಹತ್ತು ಹೋಗಿ ಒಂಬತ್ತು ಆಗಬಹುದು.

ಅದಕ್ಕೇ ದೊಡ್ಡ ಸ್ಪರ್ಧೆಗೆ ಹೋಗುವವರು ಲಾಟ್ ಟೆಸ್ಟಿಂಗ್ ಮಾಡಿಸುತ್ತಾರೆ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಒಂದು ಕಂತು. ಎಲೀ, ಆರ್‌ಡಬ್ಲ್ಯುಎಸ್, ಲಾಪುವಾ ಇವೇ ಈ ಆಟದ ಹೆಸರಾದ ತೋಟಾಗಳು. ಶೂಟರ್ ತನ್ನ ರೈಫಲ್ಲನ್ನೇ ಹೊತ್ತುಕೊಂಡು ಆ ಕಂಪನಿಗಳ ಟೆಸ್ಟ್ ರೇಂಜಿಗೆ ಹೋಗುತ್ತಾನೆ. ಅದನ್ನು ಕಬ್ಬಿಣದ ಹಿಡಿಕೆಗೆ ಬಿಗಿದು, ಒಂದೊಂದು ಲಾಟಿನಿಂದ ಹತ್ತು ಹತ್ತು ಈಡು ಹೊಡೆದು, ಯಾವ ಲಾಟಿನ ತೂತುಗಳು ಒತ್ತೊತ್ತಾಗಿ ಬಿದ್ದವೋ ಅದನ್ನೇ ಕಟ್ಟಿಸಿಕೊಂಡು ಬರುತ್ತಾನೆ. ಪಕ್ಕದವರ ರೈಫಲ್‌ಗೆ ಅದೇ ಲಾಟು ಆಗದೆ ಇರಬಹುದು. ನಮ್ಮಂಥವರು ಅಷ್ಟು ದೂರ ಹೋಗಬೇಕಿಲ್ಲ. ನಾಲ್ಕು ಬಗೆಯ ತೋಟಾ ಒಂದೊಂದು ಡಬ್ಬಿ ಸಿಕ್ಕಿದರೆ, ರೈಫಲ್ಲನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದರೆ ಸಾಕು, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಒಂದು ಮಾತು: ತೋಟಾ ಬದಲಿಸಿದ ಕೂಡಲೇ ಮೊದಲ ಕೆಲವು ಈಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಳೇ ಜಿಡ್ಡು ಹೋಗಿ ಹೊಸ ಜಿಡ್ಡು ನಳಿಗೆಯೊಳಗೆ ಕೂರಬೇಕು.

ನಳಿಗೆಯ ಒಳಗಿನ ಸುರುಳಿಗೆರೆ 16 ಇಂಚಿಗೆ ಒಂದು ಸುತ್ತು. ಹೊರಗೆ ಬಂದ ಗುಂಡು ಬುಗುರಿಯ ಹಾಗೆ ಸುತ್ತುತ್ತಲೇ ಹಾರುತ್ತದೆ, ಸೆಕೆಂಡಿಗೆ 800 ಸುತ್ತು. ಅದರಿಂದಲೇ ಅದರ ಮೂತಿ ನೇರ ನಿಲ್ಲುವುದು. ಈಡು ಹಾರುವಾಗ ನಳಿಗೆಯೂ ಕಂಪಿಸುತ್ತದೆ. ಅದರ ತುದಿ ಮೇಲಕ್ಕೇಳುತ್ತಿರುವ ಗಳಿಗೆಯಲ್ಲಿ ಗುಂಡು ಹೊರಬಿದ್ದರೆ ನಿಧಾನದ್ದು ಚೂರು ತಡವಾಗಿ, ಚೂರು ಮೇಲ್ಮುಖವಾಗಿ ಹೊರಡುತ್ತದೆ, ವೇಗದ್ದು ಚೂರು ಕೆಳಮುಖವಾಗಿ. ಕೊನೆಗೆ ಎರಡೂ ಗುರಿಪಟದಲ್ಲಿ ಹತ್ತಿರ ಹತ್ತಿರ ಬಂದು ಕೂರುತ್ತವೆ! ನಳಿಗೆಯ ತುದಿಗೆ ಟ್ಯೂನರ್ ಅನ್ನುವ ತೂಕ ಸಿಕ್ಕಿಸಿ ಹಿಂದೆ ಮುಂದೆ ತಿರುಗಿಸುವವರು ಹುಡುಕುವುದು ಈ ಗಳಿಗೆಯನ್ನೇ. ಹೊಸಬರು ಇದಕ್ಕೆ ಕೈ ಹಾಕಬೇಡಿ, ತಲೆ ಕೆಡುತ್ತದೆ.

ಹಾಗಾದರೆ ರೈಫಲ್ ಯಾವುದು? ಒಂದೊಂದೇ ತೋಟಾ ಹಾಕಿ ಬೋಲ್ಟ್, ಅಂದರೆ ನಳಿಗೆಯ ಹಿಂಬದಿಯ ಅಗುಳಿ, ಮುಚ್ಚುವಂಥದ್ದು. ಗುರಿಯ ಆಟಕ್ಕೆ ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಬೇಕಿಲ್ಲ, ಕೈ ನಿಧಾನವಾದಷ್ಟೂ ಒಳ್ಳೆಯದು. ಒಲಿಂಪಿಕ್ ಸಾಲಿನಲ್ಲಿ ಜರ್ಮನಿಯ ಆನ್‌ಶುಟ್ಸ್, ವಾಲ್ಟರ್, ಸ್ವಿಟ್ಜರ್ಲೆಂಡಿನ ಬ್ಲೈಕರ್ ಕಾಣುತ್ತವೆ. ಬೆಲೆ ಕೇಳಿ ಹೆದರಬೇಡಿ, ಹಳೆಯದೂ ನಡೆಯುತ್ತದೆ. ಮೆತ್ತಗಿನ ಸೀಸ, ಕಮ್ಮಿ ಒತ್ತಡ, ಹಾಗಾಗಿ ಚೆನ್ನಾಗಿ ನೋಡಿಕೊಂಡ ನಳಿಗೆ ಹತ್ತಾರು ಸಾವಿರ ಈಡು ಕಂಡರೂ ಗಟ್ಟಿಯಾಗಿರುತ್ತದೆ. ನಾನಾದರೆ ಹೊಸ ಸಾಧಾರಣ ರೈಫಲ್‌ಗಿಂತ ಕ್ಲಬ್ಬಿನಲ್ಲಿ ಯಾರೋ ಬಿಡುತ್ತಿರುವ ಹಳೇ ಆನ್‌ಶುಟ್ಸ್ ಕಡೆಗೇ ಕೈ ಚಾಚುತ್ತೇನೆ. ನೋಡಬೇಕಾದ್ದು ಎರಡು. ಟ್ರಿಗರ್ ಎಳೆಯುವಾಗ ಗರಗರ ಅನ್ನದೆ ಗಾಜು ಮುರಿದಷ್ಟು ಚೊಕ್ಕವಾಗಿ ಬಿಡಬೇಕು. ಸ್ಟಾಕು, ಅಂದರೆ ಹೆಗಲಿಗೆ ಆನಿಸುವ ಹಿಂಭಾಗ, ನಿಮ್ಮ ಮೈಗೆ ಹೊಂದಬೇಕು: ಕೆನ್ನೆ ಇಟ್ಟು ಕಣ್ಣು ಮುಚ್ಚಿ ತೆರೆದರೆ ಕತ್ತು ಎಳೆಯದೆ ಸೈಟು ಎದುರಿಗೇ ಇರಬೇಕು.

ಸೈಟ್ ಅಂದಾಗ ದುರ್ಬೀನು ಅಲ್ಲ. ಒಲಿಂಪಿಕ್‌ನಲ್ಲಿ ಹಿಂದೆ ಒಂದು ಮಿಲಿಮೀಟರ್ ಚಿಲ್ಲರೆ ಅಗಲದ ತೂತು, ಮುಂದೆ ಒಂದು ಬಳೆ, ಬಳೆಯೊಳಗೆ ಗುರಿಯ ಕಪ್ಪು. ಇಷ್ಟು ಸಣ್ಣ ತೂತಿನಿಂದ ನೋಡಿದಾಗ ಹತ್ತಿರದ್ದು, ದೂರದ್ದು ಎರಡೂ ತಕ್ಕಮಟ್ಟಿಗೆ ಸ್ಪಷ್ಟ ಕಾಣುತ್ತವೆ. ಒಂದರೊಳಗೊಂದು ವೃತ್ತ ಇಟ್ಟರೆ ನಡು ಎಲ್ಲಿ ಎಂದು ಕಣ್ಣೇ ಹುಡುಕಿಕೊಳ್ಳುತ್ತದೆ. ಎರಡು ಸೈಟುಗಳ ನಡುವೆ 80 ಸೆಂಟಿಮೀಟರ್ ಇದ್ದರೆ, ಒಂದು ಕೂದಲೆಳೆಯ ದಪ್ಪ, ಅಂದರೆ 0.1 ಮಿಲಿಮೀಟರ್ ಜಾರಿದರೂ 50 ಮೀಟರ್ ಆಚೆಯ ಗುರಿಪಟದಲ್ಲಿ 6 ಮಿಲಿಮೀಟರ್ ಹೋಯಿತು. ತೋಳಿಗೆ ಪಟ್ಟಿ ಬಿಗಿದು ಮಲಗಿದಾಗ ನಿಮ್ಮದೇ ನಾಡಿಮಿಡಿತ ಮುಂದಿನ ಬಳೆಯಲ್ಲಿ ಕುಣಿಯುವುದು ಕಾಣುತ್ತದೆ. ಆಟದ ರುಚಿ ಹತ್ತುವುದು ಇಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ, ಫ್ರಾನ್ಸಿನ ಶಾತೊರೂ ರೇಂಜಿನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದಿದ್ದು ಇದೇ ಪಾಯಿಂಟ್ ಟು ಟುನಲ್ಲಿ, ಮಂಡಿಯೂರಿ, ಮಲಗಿ, ನಿಂತು.

ನಮ್ಮ ಕೊಡಗಿನಲ್ಲಿ ಇದರ ಬೇರೆಯೇ ಅವತಾರ ಇದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ, ಆ ಹೊತ್ತಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪಾಯಿಂಟ್ ಟು ಟುಗೆ ಅಲ್ಲಿ ಪ್ರತ್ಯೇಕ ವಿಭಾಗವೇ ಇರುತ್ತದೆ. ದಶಮಾಂಶದ ಲೆಕ್ಕ ಇಲ್ಲ, ಬಿತ್ತು ಅಥವಾ ಇಲ್ಲ, ಜನರೆದುರೇ ತೀರ್ಮಾನ. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಈಗಿನ ಆದೇಶದಂತೆ 2029ರವರೆಗೆ. ಉಳಿದವರಿಗೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ರೈಫಲ್ ಕ್ಲಬ್ ಸೇರಿ, 10 ಮೀಟರ್ ಏರ್ ರೈಫಲ್‌ನಿಂದ ಶುರುಮಾಡಿ, ಕಾಗದಪತ್ರದ ದಾರಿಯನ್ನೂ ಅಲ್ಲೇ ಕೇಳಿಕೊಳ್ಳುವುದು ಸಲೀಸು.

ಇದು ಸಣ್ಣ ಗುಂಡು ಎಂದು ಸದರ ಬೇಡ. ಡಬ್ಬಿಯ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಎಂದು ಬರೆದಿರುತ್ತಾರೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ, ನೀರಿನ ಮೇಲೆ, ಕಲ್ಲಿನ ಮೇಲೆ ಹೊಡೆಯುವ ಮಾತೇ ಇಲ್ಲ. ಕಿವಿಗೆ, ಕಣ್ಣಿಗೆ ರಕ್ಷಣೆ ಇರಲಿ. ಮನೆಯಲ್ಲಿ ಅಭ್ಯಾಸ ಎಂದು ಖಾಲಿ ರೈಫಲ್‌ನ ಟ್ರಿಗರ್ ಟಕ್ ಟಕ್ ಎಳೆಯುವವರಿದ್ದಾರೆ. ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿದ್ದರೂ ಸಾಲದು. ಅಂಚು ಇರಬೇಕಾದ ಜಾಗದಲ್ಲಿ ಏನೂ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಪಿನ್ ಹೋಗಿ ನಳಿಗೆಯ ಬಾಯಿಯನ್ನೇ ಕುಟ್ಟುತ್ತದೆ. ಆ ಅಭ್ಯಾಸಕ್ಕೆಂದೇ ಪ್ಲಾಸ್ಟಿಕ್ಕಿನ ಸುಳ್ಳು ತೋಟಾ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ.