ಇಷ್ಟು ದಪ್ಪ ಅಕ್ಷರ, ಆದರೂ ಯಾಕಿಷ್ಟು ಮುದ್ದು?

ಪ್ರಶ್ನೆ: ಬೇಕರಿ ತೆರೆಯುತ್ತಿದ್ದೇನೆ. ಬೋರ್ಡ್ ಮಾಡುವವರು ಇಂಗ್ಲಿಷ್ ಹೆಸರನ್ನು ಕೂಪರ್ ಬ್ಲ್ಯಾಕ್ ಫಾಂಟಿನಲ್ಲಿ ತೋರಿಸಿದರು. ಅಷ್ಟು ದಪ್ಪ ಇದ್ದರೂ ಒರಟು ಅನ್ನಿಸಲಿಲ್ಲ. ಯಾಕೆ? ಮೆನು, ಬಿಲ್ಲು ಎಲ್ಲಕ್ಕೂ ಅದನ್ನೇ ಹಾಕಬಹುದಾ?

ಬೋರ್ಡಿಗೆ ಧಾರಾಳವಾಗಿ ಹಾಕಿ. ಬಿಲ್ಲಿಗೆ, ಮೆನುವಿನ ಸಣ್ಣ ಅಕ್ಷರಗಳಿಗೆ ಬೇಡ.

ಯಾಕೆ ಒರಟಲ್ಲ ಅಂತ ತಿಳಿಯಬೇಕಾದರೆ ಆ ಫಾಂಟಿನಲ್ಲಿ ಇಂಗ್ಲಿಷಿನ ಸಣ್ಣ 'ಎನ್' ಒಂದನ್ನು ಟೈಪ್ ಮಾಡಿ, ಸ್ಕ್ರೀನ್ ತುಂಬುವಷ್ಟು ದೊಡ್ಡದು ಮಾಡಿ. ಕಾಲಿನ ತುದಿ ನೋಡಿ. ಸೆರಿಫ್ ಅಂದರೆ ಅಕ್ಷರದ ತುದಿಯಲ್ಲಿರುವ ಪುಟ್ಟ ಪಾದ. ಬೇರೆ ಫಾಂಟುಗಳಲ್ಲಿ ಅದು ಚೂಪಾಗಿರುತ್ತದೆ, ಇಲ್ಲಾ ಚಪ್ಪಟೆಯಾಗಿ ನೆಲಕ್ಕೆ ಕೂತಿರುತ್ತದೆ. ಇಲ್ಲಿ ಒಂದು ಮೂಲೆಯೂ ಇಲ್ಲ. ಕಾಲು ಕೆಳಗೆ ಉಬ್ಬಿಕೊಂಡಿದೆ, ಬನ್ನಿನ ಅಂಚಿನ ಹಾಗೆ. ಈಗ 'ಓ' ಹಾಕಿ: ಒಳಗಿನ ತೂತು ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ. 'ಐ' ಮೇಲಿನ ಚುಕ್ಕಿಯೂ ಮೊಟ್ಟೆಯಾಕಾರದಲ್ಲಿ ವಾಲಿಕೊಂಡಿದೆ. ಬ್ರಷ್ಷಿನಲ್ಲಿ ಬರೆದ ಕೈಯ ಗುರುತು ಇದು. ಭಾರ ಇದೆ, ಬಿಗುಪಿಲ್ಲ.

ಇದನ್ನು ಬರೆದವರು ಷಿಕಾಗೋದ ಆಸ್ವಾಲ್ಡ್ ಕೂಪರ್. ಅವರು ಜಾಹೀರಾತುಗಳಿಗೆ ಕೈಯಲ್ಲೇ ಅಕ್ಷರ ಬರೆಯುತ್ತಿದ್ದರು. 1922ರಲ್ಲಿ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಅನ್ನೋ ಕಂಪನಿ ಇದರ ಅಚ್ಚುಮೊಳೆ ಎರಕ ಹೊಯ್ದು ಮಾರಿತು. ಸಮೀಪದೃಷ್ಟಿಯ ಗಿರಾಕಿಗಳಿರುವ, ದೂರದೃಷ್ಟಿಯ ಮುದ್ರಕರಿಗೆ ಇದು ಅಂತ ಕೂಪರ್ ತಮಾಷೆ ಮಾಡುತ್ತಿದ್ದರಂತೆ. ಬೇರೆ ಕಂಪನಿಗಳು ಸುಮ್ಮನಿರುತ್ತವಾ? ಮಾನೋಟೈಪ್ 1925ರಲ್ಲಿ ಗೌಡಿ ಹೆವಿಫೇಸ್ ಅಂತ ಇದಕ್ಕೆ ಪೈಪೋಟಿ ತಂದಿತು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಟೀ ಶರ್ಟುಗಳ ಮೇಲೆ ಇಸ್ತ್ರಿ ಹಾಕಿ ಅಂಟಿಸುವ ಅಕ್ಷರಗಳಲ್ಲೂ ಇದೇ ಜಾಸ್ತಿ. ಬ್ರಿಟನ್ನಿನ ಈಸಿಜೆಟ್ ವಿಮಾನಗಳ ಮೈಮೇಲಿನ ಹೆಸರೂ ಇದರಲ್ಲೇ ಇದೆ.

ಇನ್ನು ಬಿಲ್ಲಿನ ಮಾತು. ಈ ದಪ್ಪಕ್ಕೆ ಬೆಲೆ ತೆತ್ತಿರುವುದು ಅಕ್ಷರದ ಒಳಗಿನ ತೂತುಗಳು. 'ಎ', 'ಇ' ಒಳಗೆ ಉಳಿದಿರುವ ಬಿಳಿ ಜಾಗ ಎಳ್ಳಿನಷ್ಟು. ಸಣ್ಣ ಸೈಜಿನಲ್ಲಿ ಅದೂ ಮುಚ್ಚಿಹೋಗಿ ಬರೀ ಮಸಿಯ ಮುದ್ದೆ ಕಾಣುತ್ತದೆ. ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿ ಬರೆಸಲೂಬೇಡಿ. ಇದರ ಚೆಂದವೆಲ್ಲ ಸಣ್ಣಕ್ಷರಗಳಲ್ಲಿದೆ. ಇದು ಹುಟ್ಟಾ ದಪ್ಪ, ಆದ್ದರಿಂದ ಬೋಲ್ಡ್ ಬಟನ್ ಒತ್ತುವುದೂ ಬೇಡ. ಒತ್ತಿದರೆ ಸಾಫ್ಟ್‌ವೇರ್ ಸುಮ್ನೆ ಅಂಚು ಊದಿಸುತ್ತದೆ, ಅಷ್ಟೇ. ವಕೀಲರ ಆಫೀಸಿಗಾಗಲಿ ಶ್ರದ್ಧಾಂಜಲಿ ಫ್ಲೆಕ್ಸಿಗಾಗಲಿ ನಾನಂತೂ ಇದನ್ನು ಹಾಕುವುದಿಲ್ಲ. ನಗುಮುಖ ಅಲ್ವಾ?

ನೀವು ಕೇಳದೇ ಬಿಟ್ಟದ್ದು ಕನ್ನಡದ ಹೆಸರು. ನಮ್ಮ ರಾಜ್ಯದಲ್ಲಿ ಬೋರ್ಡಿನ ಶೇ. 60 ಭಾಗ ಕನ್ನಡವೇ ಇರಬೇಕು. ಕೂಪರ್ ಬ್ಲ್ಯಾಕಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಅದನ್ನು ಆರಿಸಿ ಕನ್ನಡ ಟೈಪ್ ಮಾಡಿದರೆ ಕಂಪ್ಯೂಟರ್ ಸದ್ದಿಲ್ಲದೆ ಬೇರೆ ಯಾವುದೋ ತೆಳ್ಳಗಿನ ಫಾಂಟ್ ತಂದು ಕೂರಿಸುತ್ತದೆ. ಇಂಗ್ಲಿಷ್ ಮೈದುಂಬಿ ನಿಂತಿರುತ್ತದೆ, ಪಕ್ಕದಲ್ಲಿ ಕನ್ನಡ ಉಪವಾಸ ಬಿದ್ದಂತೆ ಕಾಣುತ್ತದೆ. ಬಲೂ ತಮ್ಮ 2 ಅನ್ನೋ ಕನ್ನಡ ಫಾಂಟ್ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದುಂಡಗೆ, ದಪ್ಪಗೆ ಇದೆ. ಮೊದಲು ಅದರಲ್ಲಿ ಕನ್ನಡದ ಹೆಸರು ಬರೆಸಿ, ಆಮೇಲೆ ಇಂಗ್ಲಿಷಿನ ಅಳತೆ ಹೇಳಿ.