ಸೋತ ದೊರೆಯ ಹೆಸರಲ್ಲಿ ದುರ್ಗದ ಪಟ್ಟ

1565ರಲ್ಲಿ ತಾಳಿಕೋಟೆ ಯುದ್ಧದಲ್ಲಿ ವಿಜಯನಗರ ಸೋತಿತು. ಹಂಪಿ ಹಾಳಾಯಿತು, ದೊರೆ ಪೆನುಕೊಂಡೆ ಸೇರಿಕೊಂಡ. ಇದಾದ ಮೂರು ವರ್ಷಕ್ಕೆ, 1568ರ ಸುಮಾರಿಗೆ, ತಿಮ್ಮಣ್ಣ ನಾಯಕ ಚಿತ್ರದುರ್ಗದಲ್ಲಿ ಆಳ್ವಿಕೆ ಶುರು ಮಾಡಿದ. ಅದೂ ವಿಜಯನಗರದ ನಾಯಕ ಅನ್ನಿಸಿಕೊಂಡೇ. ಬೆಟ್ಟ ಅವನ ಕೈಲಿತ್ತು, ಬೇಡ ಪಡೆ ಜೊತೆಗಿತ್ತು. ಸುಮ್ನೆ ‘ನಾನೇ ದೊರೆ’ ಅಂದಿದ್ದರೆ ತಡೆಯುವವರು ಯಾರು? ಸೋತು ಊರು ಬಿಟ್ಟವನ ಹೆಸರು ಅವನಿಗೆ ಯಾಕೆ ಬೇಕಿತ್ತು?

ಜಾಗತಿಕ ರಾಜಕೀಯದ ಪಾಠ ಮೂರು ಭಾರದ ಪದಗಳಿಂದ ಶುರುವಾಗುತ್ತದೆ: ಅಧಿಕಾರ, ಸಾರ್ವಭೌಮತ್ವ, ನ್ಯಾಯಸಮ್ಮತಿ. ಆಡುಮಾತಲ್ಲಿ ಜೋರು, ದೊರೆತನ, ಒಪ್ಪಿಗೆ ಅಂದರೆ ಸಾಕು. ತನಗೆ ಬೇಕಾದ್ದನ್ನು ಬೇರೆಯವರ ಕೈಲಿ ಮಾಡಿಸುವುದು ಜೋರು. ‘ಈ ನೆಲದಲ್ಲಿ ಕೊನೆಯ ಮಾತು ನನ್ನದು, ನನ್ನ ಮೇಲೆ ಇನ್ನೊಬ್ಬನಿಲ್ಲ’ ಅನ್ನುವುದು ದೊರೆತನ. ‘ಇವನು ಆಳೋದು ಸರಿ’ ಅಂತ ಜನ ಮನಸ್ಸಲ್ಲಿ ಅಂದುಕೊಂಡರೆ ಅದು ಒಪ್ಪಿಗೆ. ಜೋರಿದ್ದರೆ ಉಳಿದೆರಡು ತಾವಾಗೇ ಬರುತ್ತವೆ ಅಂದುಕೊಳ್ಳುತ್ತೇವೆ. ದುರ್ಗದ ಚರಿತ್ರೆ ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ದುರ್ಗದ ಪಕ್ಕದ ಚಂದ್ರವಳ್ಳಿಯ ಬಂಡೆ ಮೇಲೆ ಕದಂಬ ಮಯೂರಶರ್ಮನ ಪುಟ್ಟ ಪ್ರಾಕೃತ ಶಾಸನವಿದೆ. 4ನೇ ಶತಮಾನದ್ದು. ಪಲ್ಲವ, ಅಭೀರ, ಪುನ್ನಾಟ ಅಂತ ಗೆದ್ದವರ ಪಟ್ಟಿ ಅದರಲ್ಲಿದೆ. ಆದರೆ ಅದು ಮೊದಲು ಹೇಳುವುದು ಕೆರೆಯ ವಿಷಯ: ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ. ಈ ಬಯಲುಸೀಮೆಯಲ್ಲಿ ಜನರ ಒಪ್ಪಿಗೆ ಎಲ್ಲಿ ಸಿಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಪಾಳೆಯಗಾರರ ಕಾಲಕ್ಕೆ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ತನ್ನ ಸೀಮೆಯೊಳಗೆ ಪಾಳೆಯಗಾರನೇ ಎಲ್ಲ: ಕಂದಾಯ ಅವನದು, ನ್ಯಾಯ ಅವನದು, ದಂಡು ಅವನದು. ಆದರೆ ಮೇಲಿನವನಿಗೆ ಕಪ್ಪ ಕಟ್ಟಬೇಕು, ಕರೆದಾಗ ದಂಡು ಕಳಿಸಬೇಕು. ಆ ಮೇಲಿನವನು ಯಾರು ಅನ್ನುವುದೂ ಬದಲಾಗುತ್ತಿತ್ತು. ವಿಜಯನಗರ, ಬಿಜಾಪುರ, ಮೊಗಲರು, ಮರಾಠರು, ಮೈಸೂರು. ಇಂಥವನನ್ನು ದೊರೆ ಅನ್ನಬೇಕಾ, ಸಾಮಂತ ಅನ್ನಬೇಕಾ? ಆಗ ಈ ಪ್ರಶ್ನೆ ಯಾರಿಗೂ ತಲೆಬಿಸಿ ಆಗಿರಲಿಲ್ಲ.

ಅದು ತಲೆಬಿಸಿ ಆಗಿದ್ದು ಯುರೋಪಿನಲ್ಲಿ. ತಿಮ್ಮಣ್ಣ ನಾಯಕ ಇಲ್ಲಿ ಆಳುತ್ತಿದ್ದಾಗ ಫ್ರಾನ್ಸ್ ಧರ್ಮದ ಜಗಳದಲ್ಲಿ ಹೊತ್ತಿ ಉರಿಯುತ್ತಿತ್ತು. 1576ರಲ್ಲಿ ಝಾನ್ ಬೊದಾಂ ಎಂಬ ಕಾನೂನು ಪಂಡಿತ, ಒಂದು ರಾಜ್ಯಕ್ಕೆ ಒಂದೇ ಕೊನೆಯ ಮಾತು ಇರಬೇಕು, ಅದನ್ನು ಹಂಚಲಾಗದು ಎಂದು ವಾದಿಸಿದ. ಯುರೋಪಿನ ದೊಡ್ಡ ಯುದ್ಧವೊಂದನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದದಲ್ಲೇ ಸಾರ್ವಭೌಮತ್ವ ಹುಟ್ಟಿತು ಎಂದು ಪಠ್ಯಗಳು ಬರೆಯುತ್ತವೆ. ಇದು ಸ್ವಲ್ಪ ಜಾಸ್ತಿ ಆಯಿತು. ಒಪ್ಪಂದದ ಬಹುಪಾಲು ಜರ್ಮನ್ ಸಂಸ್ಥಾನಗಳ ಗಡಿ, ಧರ್ಮ, ಪರಿಹಾರದ ಲೆಕ್ಕ. ಅದಕ್ಕೆ ದೊಡ್ಡ ಅರ್ಥ ಕಟ್ಟಿದ್ದು ಮುಂದಿನವರು. ಅವರು ಕೂಡ ‘ನಿನ್ನ ಮನೆಗೆ ನಾನು ಕೈ ಹಾಕಲ್ಲ’ ಎಂಬ ಮಾತನ್ನು ತಮ್ಮತಮ್ಮಲ್ಲೇ ಇಟ್ಟುಕೊಂಡರು. ಸಮುದ್ರ ದಾಟಿದ ಮೇಲೆ ಅದು ನೆನಪಿರಲಿಲ್ಲ.

ಕರೆದಾಗ ದಂಡು ಕಳಿಸದೆ ಮರಾಠರ ಕಡೆ ವಾಲಿದ ಎಂದು ಕೊನೆಯ ಮದಕರಿ ನಾಯಕನ ಮೇಲೆ ಹೈದರಾಲಿ ಬಿದ್ದ. 1779ರಲ್ಲಿ ಏಳು ಸುತ್ತಿನ ಕೋಟೆ ಅವನ ಕೈ ಸೇರಿತು. ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಇಷ್ಟು ಜೋರಿದ್ದ ಹೈದರ್ ತಾನು ಮಾತ್ರ ಮೈಸೂರಿನ ಸಿಂಹಾಸನ ಏರಲಿಲ್ಲ. ಒಡೆಯರನ್ನು ಹೆಸರಿಗೆ ಅರಸರಾಗಿ ಉಳಿಸಿಕೊಂಡ, ದಸರೆಯಲ್ಲಿ ಜನರಿಗೆ ದರ್ಶನ ಕೊಡಿಸಿದ. ಅವನ ಮಗ ಟಿಪ್ಪು ಮನ್ನಣೆ ಹುಡುಕಿ ದೂರದ ಆಟೊಮನ್ ಸುಲ್ತಾನನ ಬಳಿಗೆ ದೂತರನ್ನು ಕಳಿಸಿದ. ತಿಮ್ಮಣ್ಣ ನಾಯಕ ಪೆನುಕೊಂಡೆಯ ಹೆಸರು ಹಿಡಿದದ್ದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಏನಿದೆ?

1799ರಲ್ಲಿ ಬ್ರಿಟಿಷರೊಂದಿಗಿನ ಯುದ್ಧದಲ್ಲಿ ಟಿಪ್ಪು ಸತ್ತ ನಂತರ ಒಡೆಯರಿಗೆ ಸಿಂಹಾಸನ ಮತ್ತೆ ಸಿಕ್ಕಿತು. ಜೊತೆಗೆ ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಬ್ರಿಟಿಷರಿಗೆ ಕೊಡುವ ಕರಾರು. ಹೆಸರು ಬೇರೆ, ಕಪ್ಪ ಅದೇ. 1831ರಲ್ಲಿ ಆಡಳಿತವನ್ನೂ ಕಿತ್ತುಕೊಂಡರು, 1881ರಲ್ಲಿ ವಾಪಸ್ ಕೊಟ್ಟರು. ಮಹಾರಾಜರಿಗೆ 21 ತೋಪಿನ ಗೌರವ ಇತ್ತು. ಹೊರಗಿನ ದೇಶಕ್ಕೆ ತಾವಾಗಿ ಒಂದು ಕಾಗದ ಬರೆಯುವ ಹಕ್ಕಿರಲಿಲ್ಲ.

ಇಷ್ಟರಲ್ಲಿ ಒಪ್ಪಿಗೆಯ ಲೆಕ್ಕ ಕೆಳಗಿನಿಂದ ಬದಲಾಗತೊಡಗಿತ್ತು. 1939ರಲ್ಲಿ ಚಿತ್ರದುರ್ಗದ ಪಕ್ಕದ ತುರುವನೂರಿನಲ್ಲಿ ಅರಣ್ಯ ಸತ್ಯಾಗ್ರಹ ನಡೆಯಿತು. ಎಸ್. ನಿಜಲಿಂಗಪ್ಪ ಅದರ ಮುಂದಾಳುಗಳಲ್ಲಿ ಒಬ್ಬರು. ಜನ ಈಚಲು ಮರ ಕಡಿದರು. ಹೆಂಡದ ಮರ ಸರ್ಕಾರಕ್ಕೆ ದುಡ್ಡಿನ ಮರ. ಪೊಲೀಸ್, ಕೋರ್ಟು, ಜೈಲು ಎಲ್ಲ ಸರ್ಕಾರದ ಹತ್ತಿರವೇ ಇತ್ತು. ಕೈಯಲ್ಲಿ ಕೊಡಲಿ ಹಿಡಿದ ಹಳ್ಳಿಯವರು ಹೇಳಿದ್ದು ಇಷ್ಟೇ: ನಿನ್ನ ಕಾನೂನನ್ನು ನಾವು ಒಪ್ಪಿಲ್ಲ.

ಮುಂದಿನ ಕತೆಯಲ್ಲಿ ಒಬ್ಬರು ಎರಡು ಸಲ ಬರುತ್ತಾರೆ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಸಹಿ ಹಾಕಿದರು. ಎಲ್ಲ ಸದಸ್ಯ ದೇಶಗಳೂ ಸಾರ್ವಭೌಮ, ಸಮಾನ ಎನ್ನುತ್ತದೆ ಆ ಸನ್ನದು. ಸಹಿ ಹಾಕಿದ ದೇಶ ಮಾತ್ರ ಆಗಿನ್ನೂ ಬ್ರಿಟಿಷರ ಕೈಯಲ್ಲಿತ್ತು! ಮರುವರ್ಷ ಅವರು ಮೈಸೂರಿನ ದಿವಾನರಾದರು. 1947ರ ಸೆಪ್ಟೆಂಬರ್‌ನಲ್ಲಿ ಜನರ ಸರ್ಕಾರ ಕೇಳುವ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು ಇದೇ ದಿವಾನರ ಮೇಲೆ. ಆಗಸ್ಟ್‌ನಲ್ಲೇ ಜಯಚಾಮರಾಜ ಒಡೆಯರು ಭಾರತ ಸೇರುವ ಪತ್ರಕ್ಕೆ ಸಹಿ ಮಾಡಿದ್ದರು. ಜನಕ್ಕೆ ಅಷ್ಟು ಸಾಕಾಗಲಿಲ್ಲ, ತಮ್ಮ ಸರ್ಕಾರ ಬೇಕಿತ್ತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಸನ್ನದಿನ ಸಮಾನತೆಯೂ ಅರ್ಧಂಬರ್ಧ. ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೊ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಹಕ್ಕು, ಇದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯ ಬಂದಾಗ, ದಾಳಿ ಮಾಡಿದ ರಷ್ಯಾವೇ ವೀಟೊ ಹಾಕಿತು. ಕೆಲವೇ ದಿನಕ್ಕೆ ಸಾಮಾನ್ಯ ಸಭೆಯಲ್ಲಿ 141 ದೇಶಗಳು ರಷ್ಯಾ ವಿರುದ್ಧ ಮತ ಹಾಕಿದವು. ಭಾರತ ಮತ ಹಾಕದೆ ಕೂತಿತು. ಒಂದು ಟ್ಯಾಂಕೂ ಅದರಿಂದ ಹಿಂದೆ ಸರಿಯಲಿಲ್ಲ. ಹಾಗಂತ ಆ ಮತಗಳು ದಂಡ ಅಂತಲೂ ನನಗೆ ಅನ್ನಿಸುವುದಿಲ್ಲ. ದಂಡವಾಗಿದ್ದರೆ ಅದಕ್ಕಾಗಿ ದೊಡ್ಡ ದೇಶಗಳು ಅಷ್ಟು ಓಡಾಡುತ್ತಿರಲಿಲ್ಲ, ಅಲ್ವಾ?

ಇವತ್ತಿಗೂ ಪಾಳೆಯಗಾರರ ಸ್ಥಿತಿ ನೆನಪಿಸುವ ಜಾಗ ನನ್ನ ಮಟ್ಟಿಗೆ ತೈವಾನ್. ಅವರದೇ ಸೈನ್ಯ, ಅವರದೇ ನೋಟು, ಜನರೇ ಆರಿಸಿದ ಅಧ್ಯಕ್ಷರು. 1971ರಲ್ಲಿ ವಿಶ್ವಸಂಸ್ಥೆಯ ಚೀನಾ ಕುರ್ಚಿ ಅವರ ಕೈ ತಪ್ಪಿ ಬೀಜಿಂಗ್‌ಗೆ ಹೋಯಿತು. ಈಗ ಅವರನ್ನು ದೇಶ ಅಂತ ಒಪ್ಪುವವರು ಬೆರಳೆಣಿಕೆಯಷ್ಟು. ಭಾರತವೂ ಒಪ್ಪಿಲ್ಲ. ಆದರೆ ವ್ಯಾಪಾರ ಬೇಕು, ವೀಸಾ ಕೊಡಬೇಕು. ಅದಕ್ಕೇ 1995ರಿಂದ ತೈಪೆಯಲ್ಲಿ ನಮ್ಮದೊಂದು ಕಚೇರಿ ಇದೆ. ಬೋರ್ಡಿನ ಮೇಲಿರುವ ಹೆಸರು ‘ಇಂಡಿಯಾ ತೈಪೆ ಅಸೋಸಿಯೇಷನ್’.